ಹಡಿಲು ಗದ್ದೆ ಮತ್ತು ಗೇಣಿ ಕಾನೂನು

ಮಾನ್ಯ ಸಂಪಾದಕರೇ,

‘ಬೈಲೆಲ್ಲ ಹಡಿಲು ಬಿದ್ದಿದೆ, ಬೇಸಾಯದ ಕಾಲ ಮುಗಿಯಿತು, ಇನ್ನು ಫ್ಯಾಕ್ಟರಿ ಬರಲಿ’ ಎಂಬ ಮಾತು ಕರಾವಳಿಯಲ್ಲಿ ಆಗಾಗ ಕೇಳಿಬರುತ್ತದೆ. (ಬೈಲು ಎಂದರೆ ತಗ್ಗಿನ ಗದ್ದೆಗಳ ಸಾಲು; ಹಡಿಲು ಎಂದರೆ ಬೇಸಾಯ ಮಾಡದೆ ಪಾಳು ಬಿಟ್ಟದ್ದು.) ಕೃಷಿಯಿಂದ ಕೈಗಾರಿಕೆಗೆ ಹೊರಳಿ ಗೆದ್ದ ದೇಶಗಳಲ್ಲಿ ಮೊದಲು ಏರಿದ್ದು ಗದ್ದೆಯ ಇಳುವರಿ. ಕಡಿಮೆ ಆಳಿನಲ್ಲಿ ಹೆಚ್ಚು ಅಕ್ಕಿ ಬಂದ ಮೇಲೆ ಮಿಕ್ಕ ಕೈಗಳು ಕಾರ್ಖಾನೆಗೆ ಹೋದವು. ನಮ್ಮಲ್ಲಿ ಆಳೂ ಹೋಯಿತು, ಅಕ್ಕಿಯೂ ಹೋಯಿತು.

ತೈವಾನ್ 1949ರಲ್ಲಿ ಗೇಣಿಯನ್ನು ಮುಖ್ಯ ಬೆಳೆಯ ಶೇ 37.5ಕ್ಕೆ ಇಳಿಸಿತು. 1953ರಲ್ಲಿ ಉಳುವವನಿಗೇ ಭೂಮಿ ಕೊಟ್ಟಾಗ ಧಣಿಗೆ ಸಿಕ್ಕಿದ್ದು ವರ್ಷದ ಮುಖ್ಯ ಬೆಳೆಯ ಎರಡೂವರೆ ಪಟ್ಟು ಪರಿಹಾರ. ಅದರಲ್ಲಿ ಶೇ 70 ಭತ್ತ, ಗೆಣಸಿನ ಲೆಕ್ಕದ ಬಾಂಡು; ಹತ್ತು ವರ್ಷದಲ್ಲಿ ತೀರುವಂಥದ್ದು. ಹಣದ ಬೆಲೆ ಕುಸಿದರೂ ಅದು ಕರಗುವಂತಿರಲಿಲ್ಲ. ಉಳಿದ ಶೇ 30 ಸಿಮೆಂಟ್, ಕಾಗದ ಮುಂತಾದ ನಾಲ್ಕು ಸರಕಾರಿ ಕಂಪನಿಗಳ ಷೇರು. ಸಣ್ಣ ಧಣಿಗಳು ಹಲವರು ಷೇರನ್ನು ಅಗ್ಗಕ್ಕೆ ಮಾರಿಕೊಂಡರು ಎನ್ನುವುದೂ ನಿಜವೇ. ಆದರೂ ಗೇಣಿಯ ದುಡ್ಡಿಗೆ ಕಾರ್ಖಾನೆಯ ದಾರಿ ಕಾಯಿದೆಯಲ್ಲೇ ಇತ್ತು.

ನಮ್ಮಲ್ಲಿ 1974ರ ಮಾರ್ಚ್ 1ರಿಂದ ಕರ್ನಾಟಕ ಭೂಸುಧಾರಣಾ ಕಾಯಿದೆಯ ತಿದ್ದುಪಡಿ ಜಾರಿಗೆ ಬಂತು. ವರ್ಷಕ್ಕೆ ಇಷ್ಟು ಮುಡಿ ಅಕ್ಕಿ (ಮುಡಿಗೆ 42 ಸೇರು) ಎಂದು ಅಳೆದು ಕೊಡುತ್ತಿದ್ದ ಒಕ್ಕಲು, ಡಿಕ್ಲರೇಶನ್ (ಗೇಣಿಗೆ ಉಳುವವನು ತಾನೆಂಬ ಅರ್ಜಿ) ಕೊಟ್ಟು ಭೂಮಿಯ ಒಡೆಯನಾದ. ದೇಶದಲ್ಲೇ ಅಪರೂಪದ ಕೆಲಸ ಅದು. ಆದರೆ ಧಣಿಯ ಪರಿಹಾರವನ್ನು ಉದ್ಯಮಕ್ಕೆ ತಿರುಗಿಸುವ ಏರ್ಪಾಡು ಅದರಲ್ಲಿ ಇರಲೇ ಇಲ್ಲ. ಒಕ್ಕಲಿನ ಮಕ್ಕಳು ಓದಿ ಮುಂಬಯಿಗೋ ಗಲ್ಫಿಗೋ ಹೋದರು.

ಬಂದ ಕೈಗಾರಿಕೆಯೂ ಎಂಥದ್ದು? 1865ರಲ್ಲಿ ಬಾಸೆಲ್ ಮಿಷನ್ ಮಂಗಳೂರಿನಲ್ಲಿ ತೆರೆದ ಹೆಂಚಿನ ಕಾರ್ಖಾನೆಗೆ ಬೇಕಾದದ್ದು ನದಿ ಬದಿಯ ಜೇಡಿಮಣ್ಣು, ದೋಣಿ, ಸೌದೆ ಮತ್ತು ಬಹಳಷ್ಟು ಕೈ. ಗೇರುಬೀಜದ ಕಾರ್ಖಾನೆಗಳೂ ಹಾಗೆಯೇ. ತೈಲ ಸಂಸ್ಕರಣಾಗಾರಕ್ಕೆ ಬಂಡವಾಳ ಸಾವಿರಾರು ಕೋಟಿ ಬೇಕು, ಕೋಟಿಗೆ ಸಿಗುವ ಕೆಲಸ ಮಾತ್ರ ಬೆರಳೆಣಿಕೆ. ದೇಶದ ಲೆಕ್ಕವೂ ಹಿಮ್ಮುಖವಾಗಿದೆ: ದುಡಿಯುವವರಲ್ಲಿ ಕೃಷಿಯನ್ನು ನೆಚ್ಚಿದವರು 2018-19ರಲ್ಲಿ ಶೇ 42.5, 2023-24ರಲ್ಲಿ ಶೇ 46.1.

ಇನ್ನು ಹಡಿಲಿನ ವಿಷಯ. ಬೈಲಿನ ನಡುವೆ ಒಬ್ಬರು ಗದ್ದೆ ಬಿಟ್ಟರೆ ಅವರ ಪಾಲಿನ ತೋಡು (ನೀರು ಹರಿಯುವ ಕಾಲುವೆ) ಹೂಳುತ್ತದೆ. ಮೇಲಿನ ಗದ್ದೆಯಲ್ಲಿ ನೀರು ನಿಲ್ಲುತ್ತದೆ, ಕೆಳಗಿನದಕ್ಕೆ ಇಳಿಯುವುದಿಲ್ಲ. ನಾಟಿ ಯಂತ್ರಕ್ಕೆ ಬೇಕಾದದ್ದು 15ರಿಂದ 18 ದಿನದ ಚಾಪೆ ನೇಜಿ (ಚಾಪೆಯಂತೆ ಬೆಳೆಸಿದ ಭತ್ತದ ಸಸಿ), ಒಂದೆರಡು ದಿನ ತಣಿದು ಕೂತ ಕೆಸರು, ಅದರ ಮೇಲೆ ತೆಳ್ಳಗೆ ನೀರು. ತೋಡು ಕಟ್ಟಿದ್ದರೆ ನೀರು ಮೊಣಕಾಲಿಗೆ ಬಂದು ಆ ಗಿಡ್ಡ ನೇಜಿ ತೇಲಿಹೋಗುತ್ತದೆ. ತೋಡು ಸರಿಯಾಗಲಿ ಎಂದು ಕಾಯುತ್ತ ಕೂತರೆ ನೇಜಿ ಬಲಿತು ಬೇರು ಹೆಣೆದುಕೊಂಡು ಯಂತ್ರದ ಉಗುರಿಗೆ ಬಿಡಿಬಿಡಿಯಾಗಿ ಸಿಗುವುದಿಲ್ಲ. ಹೀಗೆ ಒಂದು ಹಡಿಲಿನಿಂದ ಐದಾರು ವರ್ಷದಲ್ಲಿ ಬೈಲಿಗೆ ಬೈಲೇ ಹಡಿಲು.

ಗದ್ದೆ ಬಿಟ್ಟವರು ಪಕ್ಕದವರಿಗೆ ಯಾಕೆ ಕೊಡುವುದಿಲ್ಲ? ಗೇಣಿಗೆ ಕೊಟ್ಟರೆ ಭೂಮಿ ಹೋದೀತೆಂಬ 1974ರ ಹೆದರಿಕೆ. ಭೂಸುಧಾರಣಾ ಕಾಯಿದೆಯ 5ನೇ ಕಲಮು ಗೇಣಿಯನ್ನು ನಿಷೇಧಿಸಿದೆ; ವಿನಾಯಿತಿ ಇರುವುದು ಸೈನಿಕರು, ನಾವಿಕರಂಥ ಕೆಲವರಿಗೆ ಮಾತ್ರ. 2020ರ ತಿದ್ದುಪಡಿಯಲ್ಲಿ 79ಎ, 79ಬಿ ಕಲಮುಗಳನ್ನು ತೆಗೆದು ಕೃಷಿಕರಲ್ಲದವರೂ ಭೂಮಿ ಕೊಳ್ಳಬಹುದು ಎಂದಾಯಿತು. ಕೊಂಡು ಹಡಿಲು ಬಿಡುವುದು ಸುಲಭವಾಯಿತು, ಕೊಳ್ಳದೆ ಬೇಸಾಯ ಮಾಡುವುದು ಇಂದಿಗೂ ಕಾನೂನಿನ ಹೊರಗೆ.

ಗೇಣಿ ಹಕ್ಕು ಹುಟ್ಟದಂತೆ, ಆರ್‌ಟಿಸಿಯಲ್ಲಿ (ಪಹಣಿಯಲ್ಲಿ) ಒಡೆಯರ ಹೆಸರು ಬದಲಾಗದಂತೆ, ಐದೋ ಹತ್ತೋ ವರ್ಷದ ಲಿಖಿತ ಕರಾರಿಗೆ ಕಾಯಿದೆಯಲ್ಲಿ ಅವಕಾಶ ಕೊಡಬೇಕು. ಕರಾರು ಬೈಲಿಗೆ ಒಂದರಂತೆ ಆಗಲಿ, ತೋಡು ಹೂಳೆತ್ತುವ ಹೊಣೆ ಅದರಲ್ಲೇ ಬರೆದಿರಲಿ, ಅದನ್ನು ತೋರಿಸಿದವರಿಗೆ ಸಹಕಾರಿ ಸಂಘದಲ್ಲಿ ಬೆಳೆಸಾಲ ಸಿಗಲಿ. ಕರಾವಳಿಯ ಶಾಸಕರು ಮುಂದಿನ ಅಧಿವೇಶನದಲ್ಲಿ ಇದನ್ನು ಎತ್ತಬೇಕು.

– ಕೆಲವು ಅರ್ಥಶಾಸ್ತ್ರ ಉಪನ್ಯಾಸಕರು, ಉಡುಪಿ