ಪೊಲೀಸ್ ನೇಮಕಾತಿಗೆ ಉಡುಪಿಯಲ್ಲೇ ತರಬೇತಿ ಸಿಗಲಿ

ಮಾನ್ಯ ಸಂಪಾದಕರೇ,

ಕರಾವಳಿ ಕಾವಲು ಪೊಲೀಸ್ ಪಡೆಯ ಕೇಂದ್ರ ಕಚೇರಿ ಮಲ್ಪೆಯಲ್ಲೇ ಇದ್ದರೂ ಖಾಕಿ ತೊಡಲು ನಮ್ಮ ಯುವಕರು ಮುಂದಾಗುವುದು ಕಡಿಮೆ. ಪಿಯುಸಿ ಮುಗಿಸಿದವರು ಸಿವಿಲ್ ಕಾನ್‌ಸ್ಟೆಬಲ್ ಹುದ್ದೆಗೂ ಪದವೀಧರರು ಪಿಎಸ್‌ಐ ಹುದ್ದೆಗೂ ಅರ್ಜಿ ಹಾಕಬಹುದು ಎಂಬುದೇ ಎಷ್ಟೋ ಮನೆಗಳಿಗೆ ತಿಳಿದಿಲ್ಲ. ತಿಳಿದವರೂ ದೈಹಿಕ ಪರೀಕ್ಷೆಯ 1600 ಮೀಟರ್ ಓಟವೆಂದರೆ ಹಿಂಜರಿಯುತ್ತಾರೆ. ಕಡಲಿಗೆ ಎದೆಯೊಡ್ಡುವ ಮೊಗವೀರರ ಮಕ್ಕಳಿಗೆ ಅದೇನು ದೊಡ್ಡದು! ಬೇಕಿರುವುದು ಕ್ರಮಬದ್ಧ ಅಭ್ಯಾಸ, ಕೈಹಿಡಿದು ನಡೆಸುವವರು.

ತರಬೇತಿ ಬೇಕಿರುವುದು ಪೊಲೀಸರಿಗಷ್ಟೇ ಅಲ್ಲ; ಖಾಸಗಿ ಭದ್ರತಾ ಸಿಬ್ಬಂದಿಗೂ 2005ರ ಖಾಸಗಿ ಭದ್ರತಾ ಏಜೆನ್ಸಿಗಳ (ನಿಯಂತ್ರಣ) ಕಾಯ್ದೆಯ ಪ್ರಕಾರ ಅದು ಕಡ್ಡಾಯ. ಸಮವಸ್ತ್ರ ತೊಡಿಸಿ ನೇರವಾಗಿ ರಾತ್ರಿ ಪಾಳಿಗೆ ನಿಲ್ಲಿಸುವುದು ಆ ಬಡಪಾಯಿಗೂ ಅನ್ಯಾಯ, ಅವನನ್ನು ನಂಬಿ ಮಲಗುವವರಿಗೂ ಅನ್ಯಾಯ.

ನೇಮಕಾತಿ ಪ್ರಕಟಣೆಗೆ ಕಾಯದೆ ಜಿಲ್ಲಾಡಳಿತವು ಅಜ್ಜರಕಾಡು ಕ್ರೀಡಾಂಗಣದಲ್ಲಿ ಬೆಳಗಿನ ಹೊತ್ತು ಉಚಿತ ತರಬೇತಿ ಆರಂಭಿಸಲಿ. ಹೆಣ್ಣುಮಕ್ಕಳಿಗೆ ಮಹಿಳಾ ತರಬೇತುದಾರರನ್ನೇ ನೇಮಿಸಲಿ.

– ಓರ್ವ ಓದುಗ, ಉಡುಪಿ