ಕಳಿಸಿದ್ದು ತಲುಪಿತಾ, ಪುಟ್ಟಿ?

ಕ್ಯಾತ್ಸಂದ್ರ, ತುಮಕೂರು

ಚಿ. ಪುಟ್ಟಿಗೆ ನಿನ್ನ ಮಾವನ ಆಶೀರ್ವಾದಗಳು.

ನಾವೆಲ್ಲ ಚೆನ್ನಾಗಿದ್ದೇವೆ. ಹೋದ ಭಾನುವಾರ ನೀನು ಬಂದಾಗ ತಟ್ಟೆ ಇಡ್ಲಿ ಆರಿ ತಣ್ಣಗಾದರೂ ಫೋನ್ ಬಿಡಲಿಲ್ಲ. ಟೀಮ್ಸ್‌ನಲ್ಲಿ ಒಂದು ಗ್ರೂಪು, ವಾಟ್ಸಾಪ್‌ನಲ್ಲಿ ಮೂರು. "ಡಿಸೈನ್ ಚೇಂಜ್ ಎಲ್ಲರಿಗೂ ಕಳಿಸಿಬಿಟ್ಟೆ ಮಾವ, ಇನ್ನು ನನ್ನ ಕೆಲಸ ಮುಗೀತು" ಅಂದೆ. ಆ ಮಾತು ಅವತ್ತಿಂದ ನನ್ನ ತಲೆ ಕೊರೆಯುತ್ತಿದೆ. ಅದಕ್ಕೇ ಈ ಕಾಗದ.

ಇವೆಲ್ಲ ಬೇಡ ಅಂತ ನಾನು ಹೇಳುವುದಿಲ್ಲ. ನಾನು ಅಚ್ಚು, ಉಪಕರಣ ಮಾಡುವ ಟೂಲ್ ರೂಂ ಸೇರಿದ ಕಾಲದಲ್ಲಿ ಪುಣೆಗೆ ಒಂದು ಡ್ರಾಯಿಂಗ್ ಅಂಚೆಯಲ್ಲಿ ಹೋಗಿ, ಅವರ ಅನುಮಾನ ವಾಪಸ್ ಬರುವ ಹೊತ್ತಿಗೆ ಹದಿನೈದು ದಿನ. ಈಗ ನೀನು ವಸಂತನರಸಾಪುರದಲ್ಲಿ ಕೂತು, ಮೋಲ್ಡ್ ಮಾಡುವವರು ಪುಣೆಯಲ್ಲಿ ಕೂತು ಒಂದೇ ಮಾಡೆಲನ್ನು ತಿರುಗಿಸಿ ನೋಡುತ್ತೀರಿ. ಪ್ಲಾಸ್ಟಿಕ್ ಭಾಗದ ಗೋಡೆ ನೆಟ್ಟಗಿದೆ, ಒಂದು ಡಿಗ್ರಿ ಡ್ರಾಫ್ಟ್, ಅಂದರೆ ಸ್ವಲ್ಪ ಓರೆ, ಕೊಡದಿದ್ದರೆ ಅಚ್ಚು ಬಿಡುವುದು ಕಷ್ಟ ಅಂತ ಅವರು ಸ್ಕ್ರೀನ್ ಮೇಲೇ ಗುರುತು ಹಾಕುತ್ತಾರೆ. ಉಕ್ಕು ಕೊರೆಯುವ ಮೊದಲೇ ಈ ಮಾತು ಬಂದರೆ ಸ್ವಲ್ಪ ಹೊತ್ತಿನ ಕೆಲಸ. ಆಮೇಲೆ ಬಂದರೆ ಅಚ್ಚನ್ನೇ ಬಿಚ್ಚಬೇಕು. ಇದು ಸಣ್ಣ ಉಪಕಾರ ಅಲ್ಲ.

ಆದರೆ ನನ್ನ ಕೈಯಾರೆ ಆದ ಒಂದು ತಪ್ಪು ಹೇಳುತ್ತೇನೆ ಕೇಳು. ನಿವೃತ್ತಿಗೆ ಎರಡು ವರ್ಷ ಇತ್ತು. ಒಂದು ಬ್ರಾಕೆಟ್. ಎರಡು ತೂತಿನ ನಡುವೆ 62 ಮಿ.ಮೀ. ಇದ್ದದ್ದನ್ನು 64 ಮಾಡಬೇಕು ಅಂತ ಸಂಜೆ ತೀರ್ಮಾನ ಆಯಿತು. ನಾನು ಗ್ರೂಪಿಗೆ ಹಾಕಿದೆ. ಇಬ್ಬರು ಹೆಬ್ಬೆರಳು ಒತ್ತಿದರು. ನೆಮ್ಮದಿಯಾಗಿ ಮನೆಗೆ ಬಂದು ಮಲಗಿದೆ. ರಾತ್ರಿ ಪಾಳಿಯ ಆಪರೇಟರ್ ಆ ಗ್ರೂಪಿನಲ್ಲೇ ಇರಲಿಲ್ಲ. ಅವನ ಮಷೀನ್ ಪಕ್ಕ, ಕೊರೆಯುವಾಗ ತಂಪಿಗೆ ಸುರಿಯುವ ಕೂಲೆಂಟ್ ಬಿದ್ದು ಹಳದಿಯಾದ ಪ್ರಿಂಟ್ ಇತ್ತು, ಅದರಲ್ಲಿ 62. ಅದನ್ನೇ ನೋಡಿ ನೀಟಾಗಿ, ಅಂಚಿನಲ್ಲಿ ಒಂದು ಬರ್ (ಚೂಪು ಮುಳ್ಳು) ಕೂಡ ಬಿಡದೆ, 240 ಪೀಸು ಮಾಡಿಟ್ಟಿದ್ದ. ಎಲ್ಲಾ ಸ್ಕ್ರ್ಯಾಪ್. ಬೆಳಿಗ್ಗೆ ಅವನ ಮುಖ ನೋಡಲು ನನಗೆ ಆಗಲಿಲ್ಲ. ಮೇಲಿನವರು ಮೊದಲು ಬೈದದ್ದು ಅವನನ್ನೇ. ತಪ್ಪು ನನ್ನದು ಅಂತ ಹೇಳಿದೆ. ಆದರೂ ಅವನಿಗೆ ಆದ ನೋವು ಹೋಗಲಿಲ್ಲ. ಅದರಲ್ಲಿ ಒಂದು ಪೀಸು ಈಗಲೂ ನನ್ನ ಮೇಜಿನ ಮೇಲಿದೆ. ನೀನು ಚಿಕ್ಕಂದಿನಲ್ಲಿ ಅದರ ತೂತಿನೊಳಗೆ ಪೆನ್ಸಿಲ್ ಸಿಕ್ಕಿಸಿ ಇಡುತ್ತಿದ್ದೆಯಲ್ಲ, ಅದೇ.

ಹಳೇ ಕಾಲದಲ್ಲಿ ಡ್ರಾಯಿಂಗಿನ ನಕಲು ತೆಗೆಯುತ್ತಿದ್ದ ಅಮೋನಿಯಾ ಪ್ರಿಂಟಿನ ವಾಸನೆಗೆ ಕಣ್ಣಲ್ಲಿ ನೀರು ಬರುತ್ತಿತ್ತು. ಆದರೆ ಒಂದು ಕಟ್ಟುನಿಟ್ಟು ಇತ್ತು. ಹಳೇ ಪ್ರಿಂಟ್ ವಾಪಸ್ ಕೊಟ್ಟು, ರಿಜಿಸ್ಟರಿನಲ್ಲಿ ಸಹಿ ಹಾಕದೆ ಹೊಸದು ಸಿಗುತ್ತಿರಲಿಲ್ಲ. ನಾನು ಮರೆತದ್ದು ಅದನ್ನೇ.

ದೊಡ್ಡವರಿಗೂ ಇದು ತಪ್ಪಿದ್ದಲ್ಲ. ಏರ್‌ಬಸ್‌ನವರ ಎ380 ನೋಡು. ಒಂದು ವಿಮಾನಕ್ಕೆ ಸುಮಾರು 530 ಕಿ.ಮೀ. ವೈರು. ಹ್ಯಾಂಬರ್ಗ್‌ನವರು ಕ್ಯಾಟಿಯಾ ಅನ್ನುವ ಡಿಸೈನ್ ಸಾಫ್ಟ್‌ವೇರಿನ 4ನೇ ಆವೃತ್ತಿಯಲ್ಲಿ, ಟುಲೂಸ್‌ನವರು 5ನೇ ಆವೃತ್ತಿಯಲ್ಲಿ ಕೆಲಸ ಮಾಡುತ್ತಿದ್ದರು. ಫೈಲು ಹೋಗುತ್ತಿತ್ತು, ಬದಲಾವಣೆ ಸರಿಯಾಗಿ ದಾಟುತ್ತಿರಲಿಲ್ಲ. ಜೋಡಿಸಲು ಹೋದರೆ ವೈರು ಗಿಡ್ಡ! 2006ರಲ್ಲಿ ಕೊಡಬೇಕಿದ್ದ ಮೊದಲ ವಿಮಾನ ಗಿರಾಕಿಯ ಕೈ ಸೇರಿದ್ದು 2007ರ ಅಕ್ಟೋಬರ್‌ನಲ್ಲಿ.

ಅದಕ್ಕೇ ಹೇಳುತ್ತಿದ್ದೇನೆ. ಗ್ರೂಪಿನಲ್ಲಿ ಎಷ್ಟು ಬೇಕಾದರೂ ಚರ್ಚೆ ಮಾಡಿ. ತೀರ್ಮಾನ ಮಾತ್ರ ಡ್ರಾಯಿಂಗ್ ಸೇರಬೇಕು. ಡ್ರಾಯಿಂಗ್ ಎಷ್ಟನೇ ತಿದ್ದುಪಡಿ ಅಂತ ತೋರಿಸುವ ರಿವಿಷನ್ ಅಕ್ಷರ ಬದಲಾಗಿ, ಡ್ರಾಯಿಂಗುಗಳನ್ನು ಇಡುವ ನಿಮ್ಮ ಪಿಎಲ್‌ಎಂ ಸಾಫ್ಟ್‌ವೇರಿನಲ್ಲಿ ರಿಲೀಸ್ ಆಗುವ ತನಕ ಅದು ಬರೀ ಮಾತು. ರಿಲೀಸ್ ಆದ ಮೇಲೂ ಕುರ್ಚಿಯಲ್ಲಿ ಸುಮ್ನೆ ಕೂರಬೇಡ. ಕೆಳಗೆ ಇಳಿದು ಹೋಗು. ಮಷೀನ್ ಪಕ್ಕ ಇರುವ ಪ್ರಿಂಟ್ ಯಾವ ರಿವಿಷನ್ ಅಂತ ನಿನ್ನ ಕಣ್ಣಾರೆ ಓದು. ಹಳೆಯದಾಗಿದ್ದರೆ ಕಿತ್ತುಕೊಂಡು ಬಾ.

ಹೋದಾಗ ಆಪರೇಟರನ್ನು ಒಂದು ಮಾತು ಕೇಳು. ಪೀಸನ್ನು ಹಿಡಿಯುವ ಕ್ಲ್ಯಾಂಪ್ ಎಲ್ಲಿ ಅಡ್ಡ ಬರುತ್ತದೆ, ಕೊರೆದಾಗ ಬೀಳುವ ಲೋಹದ ಚೂರು ಎಲ್ಲಿ ಸಿಕ್ಕಿಕೊಳ್ಳುತ್ತದೆ ಅಂತ ಅವರಿಗೆ ನಮಗಿಂತ ಜಾಸ್ತಿ ಗೊತ್ತು. ಆದರೆ ಮ್ಯಾನೇಜರ್‌ಗಳೆಲ್ಲ ಇಂಗ್ಲಿಷ್‌ನಲ್ಲಿ ಬರೆಯುವ ಗ್ರೂಪಿನಲ್ಲಿ ಅವರು ಬಾಯಿ ಬಿಡುವುದಿಲ್ಲ. ಕನ್ನಡದಲ್ಲಿ ಕೇಳು, ನೀನೇ ಟೈಪ್ ಮಾಡು, ಹೇಳಿದವರ ಹೆಸರನ್ನೂ ಹಾಕು. ಆ ಹೆಸರು ಹಾಕುವುದನ್ನು ಮಾತ್ರ ಮರೆಯಬೇಡ ಮಗಳೇ.

ನಾಳೆ ಪಾಳಿಗೆ ಹೋದ ತಕ್ಷಣ, ಹೋದ ವಾರ ಕಳಿಸಿದ ಆ ಚೇಂಜ್ ಸೆಕೆಂಡ್ ಶಿಫ್ಟಿನವರಿಗೆ ತಲುಪಿದೆಯಾ ನೋಡಿ ನನಗೆ ಫೋನ್ ಮಾಡು. ಅಕ್ಕನಿಗೆ ಮೊಣಕಾಲು ನೋವು ಈಗ ಹೇಗಿದೆ ಅಂತಲೂ ತಿಳಿಸು.

ಇಂತಿ,
ನಿನ್ನ ಮಾವ