ಡ್ರಾಯರಿನಲ್ಲಿಟ್ಟ ಆ ಅಲಾರಂ

ಚಿ. ಪುಟ್ಟಿಗೆ,

ದೊಡ್ಡಪ್ಪನ ಆಶೀರ್ವಾದಗಳು. ಅಳಿಯಂದಿರಿಗೂ ಮಗುವಿಗೂ ಕೂಡ.

ನಿನ್ನ ಮೇಲ್ ಬಂತು. ಮಗು ಬೋರಲು ಬಿತ್ತು ಅಂತ ಓದಿ ಹೇಳಿದ ತಕ್ಷಣ ನಿನ್ನ ದೊಡ್ಡಮ್ಮ ಹೋಳಿಗೆ ಮಾಡಿ ಅಕ್ಕಪಕ್ಕದವರಿಗೆಲ್ಲ ಹಂಚಿದಳು. ಅತ್ತೆಯವರ ವೀಸಾ ಆಗಿದ್ದು, ಅಲ್ಲಿನ ಹಿಮ, ನಿನ್ನ ಹೊಸ ಮ್ಯಾನೇಜರ್, ಎಲ್ಲಾ ತಿಳಿಯಿತು. ಆದರೆ ಇದೆಲ್ಲದರ ನಡುವೆ ಒಂದು ಸಾಲು ಬರೆದಿದ್ದೆ. ಗೋಡೆಯ ಮೇಲಿದ್ದ, ಕಾರ್ಬನ್ ಮೊನಾಕ್ಸೈಡ್ ಅನ್ನುವ ವಿಷದ ಗ್ಯಾಸ್ ಬಂದರೆ ಎಚ್ಚರಿಸುವ ಅಲಾರಂ ರಾತ್ರಿ ಕೂಗಿ ಕೂಗಿ ಮಗುವನ್ನು ಎಬ್ಬಿಸುತ್ತಿತ್ತು, ಅದಕ್ಕೇ ಕಳಚಿ, ಬ್ಯಾಟರಿ ತೆಗೆದು ಡ್ರಾಯರಿಗೆ ಹಾಕಿದ್ದೀವಿ ಅಂತ. ಅಲ್ಲಿಂದ ಮುಂದಿನದು ನನ್ನ ತಲೆಗೇ ಹೋಗಲಿಲ್ಲ.

ಅವತ್ತೇ ಫೋನ್ ಮಾಡಿದೆ. "ವೀಕೆಂಡ್‌ಗೆ ಹಾಕ್ತೀವಿ ದೊಡ್ಡಪ್ಪ" ಅಂದೆ. ಮಗು ಅಳುತ್ತಿತ್ತು, ನೀನು ಅವಸರದಲ್ಲಿದ್ದೆ, ಹೇಳಬೇಕಾದ್ದು ಹೇಳಲಾಗಲಿಲ್ಲ. ಅದಕ್ಕೇ ಕೂತು ಬರೆಯುತ್ತಿದ್ದೇನೆ.

ಅದು ಯಾವ ಥರ ಕೂಗುತ್ತಿತ್ತು ಪುಟ್ಟಿ? ಅದೊಂದನ್ನು ನೀನು ಬರೆದಿಲ್ಲ. ನಿಮಿಷಕ್ಕೊಮ್ಮೆ ಒಂದೇ ಸಲ ಚಿಕ್ ಅಂತಿತ್ತಾ? ಹಾಗಿದ್ದರೆ ಬ್ಯಾಟರಿ ಮುಗಿದಿರಬೇಕು, ಇಲ್ಲವೇ ಅದರ ಆಯಸ್ಸೇ ಮುಗಿದಿರಬೇಕು. ಜೋರಾಗಿ ನಾಲ್ಕು ಸಲ ಕೂಗಿ, ಸ್ವಲ್ಪ ತಡೆದು, ಮತ್ತೆ ನಾಲ್ಕು ಸಲ ಕೂಗುತ್ತಿತ್ತಾ? ಹಾಗಿದ್ದರೆ ಮನೆಯೊಳಗೆ ಆ ಗ್ಯಾಸ್ ನಿಜವಾಗಿಯೂ ಇತ್ತು. ನಿದ್ದೆಗಣ್ಣಿನಲ್ಲಿ, ತೊಡೆಯ ಮೇಲೆ ಮಗು ಅಳುತ್ತಿರುವಾಗ ಯಾರು ಎಣಿಸುತ್ತಾರೆ ಹೇಳು. ನಿನ್ನನ್ನು ಬೈಯುತ್ತಿಲ್ಲ.

ಮೇಲ್‌ನ ಕೊನೆಯಲ್ಲಿ ಇನ್ನೊಂದು ಮಾತಿತ್ತು. ಬೆಳಿಗ್ಗೆ ಏಳುವಾಗ ತಲೆ ಭಾರ, ಆಫೀಸಿಗೆ ಹೋಗಿ ಮಧ್ಯಾಹ್ನದ ಹೊತ್ತಿಗೆ ಸರಿಹೋಗುತ್ತದೆ, ನಿದ್ದೆಗೆಟ್ಟಿದ್ದಕ್ಕೆ ಇರಬೇಕು ಅಂತ. ಇರಬಹುದು. ಎಳೆ ಮಗುವಿನ ತಾಯಿಗೆ ತಲೆ ಭಾರ ಇರದೆ ಇನ್ನೇನು. ಆದರೂ ಆ ಸಾಲನ್ನೂ ಡ್ರಾಯರಿನ ಸಾಲನ್ನೂ ಒಟ್ಟಿಗೆ ಓದಿದ ಮೇಲೆ ನನಗೆ ನಿದ್ದೆ ಹತ್ತುತ್ತಿಲ್ಲ. ಮನೆಯಲ್ಲಿದ್ದಾಗ ತಲೆನೋವು, ಹೊರಗೆ ಹೋದರೆ ಕಡಿಮೆ. ಜ್ವರವಿಲ್ಲ, ಆದರೂ ಫ್ಲೂ ಬಂದ ಹಾಗೆ ಸುಸ್ತು, ವಾಕರಿಕೆ. ಕಾರ್ಖಾನೆಯಲ್ಲಿ ನಮಗೆ ಕಲಿಸಿದ ಮೊದಲ ಲಕ್ಷಣಗಳೇ ಇವು.

ನಾನು ಕುಲುಮೆಯ ಕಡೆ ಏನು ಕೆಲಸ ಮಾಡುತ್ತಿದ್ದೆ ಅಂತ ನೀವು ಮಕ್ಕಳು ಯಾವತ್ತೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಕಬ್ಬಿಣ ಕರಗಿಸುವ ಊದು ಕುಲುಮೆಯಿಂದ ಬರುವ ಗ್ಯಾಸಿನಲ್ಲಿ ಸುಮಾರು ಕಾಲು ಭಾಗ ಇದೇ ಕಾರ್ಬನ್ ಮೊನಾಕ್ಸೈಡ್. ಆ ಗ್ಯಾಸನ್ನು ದಪ್ಪ ಪೈಪುಗಳಲ್ಲಿ ಹಾಯಿಸಿ, ತೊಳೆದು, ಮತ್ತೆ ಉರಿಸಲು ಬಳಸುತ್ತಾರೆ. ಆ ಪೈಪುಗಳ ಬಳಿಗೆ ಒಬ್ಬರೇ ಹೋಗುವಂತಿರಲಿಲ್ಲ, ಜೋಡಿಯಾಗಿಯೇ ಹೋಗಬೇಕು. ಗಾಳಿ ಯಾವ ಕಡೆಯಿಂದ ಬೀಸುತ್ತಿದೆ ಅಂತ ನೋಡಿ ನಿಲ್ಲಬೇಕು. ಆಮೇಲಾಮೇಲೆ ಜೇಬಿಗೆ ಸಿಕ್ಕಿಸುವ ಮೀಟರ್ ಬಂತು.

ಅಡುಗೆ ಗ್ಯಾಸಿಗೆ ವಾಸನೆ ಬೆರೆಸಿರುತ್ತಾರೆ, ಸೋರಿದರೆ ಮೂಗಿಗೆ ಗೊತ್ತಾಗುತ್ತದೆ. ಇದಕ್ಕೆ ವಾಸನೆಯಿಲ್ಲ, ಬಣ್ಣವಿಲ್ಲ, ಕಣ್ಣು ಉರಿಯುವುದಿಲ್ಲ, ಕೆಮ್ಮೂ ಬರುವುದಿಲ್ಲ. ರಕ್ತದಲ್ಲಿ ಆಕ್ಸಿಜನ್ ಕೂರಬೇಕಾದ ಸೀಟಿಗೆ ಇದು ಮೊದಲೇ ಟವೆಲ್ ಹಾಕಿಬಿಡುತ್ತದೆ. ಆಕ್ಸಿಜನ್‌ಗಿಂತ 200 ಪಟ್ಟಿಗೂ ಜಾಸ್ತಿ ಬಿಗಿಯಾಗಿ ಹಿಡಿದು ಕೂರುತ್ತದೆ. ಒಳ್ಳೆಯ ಗಾಳಿಗೆ ಬಂದ ಮೇಲೂ ಅದು ಅರ್ಧಕ್ಕೆ ಇಳಿಯಲು ನಾಲ್ಕೈದು ಗಂಟೆ ಬೇಕು. ನಿನ್ನ ತಲೆ ಭಾರ ಮಧ್ಯಾಹ್ನಕ್ಕೆ ಸರಿಹೋಗುತ್ತದೆ ಅಂದಾಗ ನನಗೆ ಹೊಟ್ಟೆಯಲ್ಲಿ ಸಂಕಟವಾಗಿದ್ದು ಇದಕ್ಕೇ.

ಮಗುವಿನ ಉಸಿರು ನಮಗಿಂತ ಬೇಗ ಬೇಗ ಆಡುತ್ತದೆ ಪುಟ್ಟಿ. ಅದಕ್ಕೇ ಮಕ್ಕಳಿಗೆ ಇದು ಬೇಗ ತಾಗುತ್ತದೆ. ತಲೆ ನೋಯುತ್ತಿದೆ ಅಂತ ಹೇಳಲು ಅದಕ್ಕೆ ಬಾಯಿಯೂ ಇಲ್ಲ.

ಕಾರ್ಖಾನೆಯಲ್ಲಿ ಹೊಸದಾಗಿ ಸೇರಿದ ಹುಡುಗನೊಬ್ಬನಿದ್ದ. ರಾತ್ರಿ ಪಾಳಿ, ಚಳಿಗಾಲ. ಪೈಪಿನ ಪಕ್ಕ ಬೆಚ್ಚಗಿರುತ್ತದೆ ಅಂತ ಅಲ್ಲಿ ಹೋಗಿ ಕೂತಿದ್ದ. ಮೀಟರ್ ಪದೇ ಪದೇ ಕೂಗಿ ಕಿರಿಕಿರಿ ಮಾಡುತ್ತದೆ ಅಂತ ಲಾಕರಿನಲ್ಲಿಟ್ಟು ಬಂದಿದ್ದನಂತೆ. ಬೆಳಗಿನ ಪಾಳಿಗೆ ಹೋದ ನಾವು ನೋಡಿದಾಗ ಗೋಡೆಗೊರಗಿ ತೂಕಡಿಸುತ್ತಿರುವ ಹಾಗೇ ಇದ್ದ. ಕೆನ್ನೆ ಕೆಂಪಗಿತ್ತು. ಲಾಕರ್ ತೆರೆದಾಗ ಮೀಟರ್ ಅವನ ಊಟದ ಡಬ್ಬಿಯ ಪಕ್ಕದಲ್ಲಿತ್ತು. ಅವನ ತಾಯಿಯನ್ನು ಒಮ್ಮೆ ನೋಡಿ ಬರಬೇಕು ಅಂದುಕೊಂಡೇ ಇದ್ದೆ. ಅವರ ಊರು ದೂರವೇನಲ್ಲ. ಹೋಗಲಿಲ್ಲ. ಏನು ಹೇಳುವುದು ಅಂತ ಗೊತ್ತಾಗಲಿಲ್ಲ. ಈಗ ಆ ತಾಯಿಯೂ ಇರಲಿಕ್ಕಿಲ್ಲ.

ನೀನು ಡ್ರಾಯರ್ ಅಂತ ಬರೆದಿದ್ದೆಯಲ್ಲ, ನನಗೆ ಆ ಲಾಕರ್ ಕಂಡಿತು.

ನಿಮ್ಮ ಚಿಕ್ಕತ್ತೆಯ ವಿಷಯ ಇಲ್ಲಿ ಎತ್ತುವುದಿಲ್ಲ. ನಿನಗೆ ಗೊತ್ತು, ಮನೆಯಲ್ಲಿ ಎಲ್ಲರಿಗೂ ಗೊತ್ತು. ಒಂದು ಮಾತು ಮಾತ್ರ. ಜೀವಮಾನವೆಲ್ಲ ಆ ಗ್ಯಾಸಿನ ಜತೆ ಕೆಲಸ ಮಾಡಿದವನು ನಾನು. ಆದರೂ ಅದು ಕಾರ್ಖಾನೆಯದು, ಗೇಟಿನ ಒಳಗಿನದು ಅಂತಲೇ ಮನಸ್ಸಿನಲ್ಲಿತ್ತು. ಕಿಟಕಿಯಿಲ್ಲದ ಬಚ್ಚಲುಮನೆಯಲ್ಲಿ ಗೋಡೆಗೆ ನೇತುಹಾಕಿದ ಒಂದು ಗ್ಯಾಸ್ ಗೀಸರ್ ಕೂಡ ಅದನ್ನೇ ಉಗುಳಬಹುದು ಅಂತ ನನಗೆ ಹೊಳೆಯಲೇ ಇಲ್ಲ. ಈಗಲೂ ಚಳಿಗಾಲ ಬಂದರೆ ಪೇಪರಿನಲ್ಲಿ ಅಂಥ ಸುದ್ದಿ ಇದ್ದೇ ಇರುತ್ತದೆ. ನಿನ್ನ ದೊಡ್ಡಮ್ಮ ಆ ಪುಟ ನನಗೆ ಕಾಣದ ಹಾಗೆ ಮಡಿಸಿಡುತ್ತಾಳೆ.

ನಮ್ಮ ಕಡೆ ಮನೆಗಳಲ್ಲಿ ಈ ಅಲಾರಂ ಕಾಣುವುದೇ ಅಪರೂಪ. ನಿಮ್ಮಲ್ಲಿ ಕಾನೂನೇ ಇದೆ. ನೀನು ಅಮೆರಿಕದ ಆ ರಾಜ್ಯಕ್ಕೆ ಹೋದ ಮೇಲೆ ನಾನು ಓದಿ ತಿಳಿದುಕೊಂಡಿದ್ದು. 2005ರ ಜನವರಿಯಲ್ಲಿ ಮ್ಯಾಸಚೂಸೆಟ್ಸ್‌ನ ಪ್ಲಿಮತ್‌ನಲ್ಲಿ ಭಾರಿ ಹಿಮ ಬಿದ್ದಾಗ ಒಂದು ಮನೆಯ ಹೀಟರಿನ ಹೊಗೆ ಹೊರಗೆ ಹೋಗುವ ಕೊಳವೆ ಮುಚ್ಚಿಹೋಯಿತು. ಏಳು ವರ್ಷದ ಹುಡುಗಿಯೊಬ್ಬಳು ತೀರಿಕೊಂಡಳು. ಅವಳ ಹೆಸರಿನಲ್ಲೇ ನಿಕೋಲ್ಸ್ ಲಾ ಅಂತ ಕಾನೂನು ಬಂದು, 2006ರ ಮಾರ್ಚ್ 31ರಿಂದ ಜಾರಿಯಾಯಿತು. ಮನೆಯ ಪ್ರತಿ ಅಂತಸ್ತಿನಲ್ಲೂ ಒಂದು ಅಲಾರಂ ಇರಬೇಕು, ಮಲಗುವ ಕೋಣೆಯ ಬಾಗಿಲಿನಿಂದ 10 ಅಡಿಯೊಳಗೆ ಇರಬೇಕು. ನಿಮ್ಮ ಗೋಡೆಯ ಮೇಲೆ ಅದು ಸುಮ್ನೆ ಬಂದು ಕೂತದ್ದಲ್ಲ.

ನಿಮ್ಮದು ಮೂರು ಅಂತಸ್ತಿನ ಹಳೇ ಮರದ ಮನೆ, ತ್ರೀ ಡೆಕ್ಕರ್ ಅಂತಾರಲ್ಲ, ಫೋಟೋದಲ್ಲಿ ನೋಡಿದೆ. ನೆಲಮಾಳಿಗೆಯಲ್ಲಿ ಮನೆ ಬೆಚ್ಚಗಿಡಲು ಉರಿಯುವ ಬಾಯ್ಲರ್ ಇದೆ ಅಂದಿದ್ದೆ. ಈ ಗ್ಯಾಸ್ ಹೆಚ್ಚುಕಡಿಮೆ ಗಾಳಿಯಷ್ಟೇ ತೂಕ. ನಮ್ಮ ಸಿಲಿಂಡರಿನ ಅಡುಗೆ ಗ್ಯಾಸಿನ ಹಾಗೆ ನೆಲದಲ್ಲೇ ಉಳಿಯುವುದಿಲ್ಲ. ಬಿಸಿ ಗಾಳಿಯ ಜತೆ ಮೆಟ್ಟಿಲಲ್ಲಿ, ಗೋಡೆಯ ಸಂದಿಯಲ್ಲಿ ಮೇಲೆ ಬರುತ್ತದೆ. ಕೆಳಗಿನ ಮನೆಯವರನ್ನೂ ಒಂದು ಮಾತು ಕೇಳು, ಅವರ ಮನೆಯಲ್ಲಿ ಯಾರಿಗಾದರೂ ತಲೆನೋವು ಇದೆಯಾ ಅಂತ. ಸಂಕೋಚ ಬೇಡ.

ಅಳಿಯಂದಿರು ಇಂಜಿನಿಯರು, ಅವರಿಗೆ ನಾನು ಹೇಳಿಕೊಡುವುದು ಚೆನ್ನಾಗಿರುವುದಿಲ್ಲ. ಆದರೂ ಹೇಳುತ್ತೇನೆ. ಆ ಪೆಟ್ಟಿಗೆಯ ಹಿಂಭಾಗದಲ್ಲಿ ತಯಾರಾದ ತಾರೀಕು ಇರುತ್ತದೆ, ನೋಡಲಿ. ಒಳಗಿನ ಸೆನ್ಸಾರಿಗೆ ಆಯಸ್ಸಿದೆ. ಸಾಮಾನ್ಯವಾಗಿ 5ರಿಂದ 7 ವರ್ಷ, ಕೆಲವು 10 ವರ್ಷ ಬರುತ್ತವೆ. ಅದು ದಾಟಿದ್ದರೆ ಹೊಸ ಬ್ಯಾಟರಿ ಹಾಕಿ ಪ್ರಯೋಜನವಿಲ್ಲ, ಬೇರೆಯದೇ ತರಬೇಕು. ಟೆಸ್ಟ್ ಬಟನ್ ಒತ್ತಿದಾಗ ಕೂಗಿತು ಅಂತ ಸಮಾಧಾನ ಪಡಬೇಡಿ. ಬಟನ್ ಕೂಗುವ ಭಾಗವನ್ನು ಪರೀಕ್ಷಿಸುತ್ತದೆ, ಗ್ಯಾಸ್ ಗುರುತಿಸುವ ಭಾಗವನ್ನಲ್ಲ. ಕಾರ್ಖಾನೆಯಲ್ಲಿ ನಾವು ನಿಜವಾದ ಗ್ಯಾಸ್ ಹಿಡಿದೇ ಮೀಟರ್ ಪರೀಕ್ಷಿಸುತ್ತಿದ್ದೆವು. ಮನೆಯಲ್ಲಿ ಅದಾಗುವುದಿಲ್ಲ, ಅದಕ್ಕೇ ತಾರೀಕನ್ನು ನಂಬಬೇಕು. ಆದರೂ ತಿಂಗಳಿಗೊಮ್ಮೆ ಬಟನ್ ಒತ್ತಿ. ಮೇಲಿನ ಧೂಳು ಒರೆಸಿ. ಒಲೆಯ ನೆತ್ತಿಯ ಮೇಲೆ, ಬಚ್ಚಲಿನ ಹಬೆ ಬಡಿಯುವ ಕಡೆ ಹಾಕಬೇಡಿ.

ಇನ್ನೊಂದು. ಈ ಮನೆ ಅಲಾರಂಗಳು ಸುಮ್ಸುಮ್ನೆ ಕೂಗುವುದಿಲ್ಲ. ಹತ್ತು ಲಕ್ಷ ಪಾಲು ಗಾಳಿಯಲ್ಲಿ 70 ಪಾಲು ಗ್ಯಾಸ್ ಇದ್ದರೆ ಒಂದು ಗಂಟೆಯಾದ ಮೇಲೆ, ನಾಲ್ಕು ಗಂಟೆಯೊಳಗೆ ಕೂಗಬೇಕು ಅಂತ ನಿಯಮ. 400 ಪಾಲಾದರೆ 4ರಿಂದ 15 ನಿಮಿಷ. ಅಂದರೆ ಅದು ಬಹಳ ತಾಳ್ಮೆಯಿಂದ ಕಾದು ಕೂಗುತ್ತದೆ. ನಾಲ್ಕು ನಾಲ್ಕು ಸಲ ಕೂಗಿದರೆ ಯಾಕೆ ಅಂತ ಹುಡುಕುತ್ತ ನಿಲ್ಲಬೇಡಿ. ಕಿಟಕಿ ತೆರೆಯುತ್ತ ಕೂರುವುದೂ ಬೇಡ. ಮಗುವನ್ನು ಕಂಬಳಿಯಲ್ಲಿ ಸುತ್ತಿಕೊಂಡು ಹೊರಗೆ ನಡೆಯಿರಿ. ಹೊರಗಿನಿಂದ 911ಕ್ಕೆ ಫೋನ್ ಮಾಡಿ. ಫೈರ್‌ನವರು ಮೀಟರ್ ತಂದು ನೋಡಿ, ಒಳಗೆ ಹೋಗಬಹುದು ಅನ್ನುವ ತನಕ ಹೊರಗೇ ಇರಿ. ಏನೂ ಇಲ್ಲದೆ ಕರೆಸಿದೆವಲ್ಲ ಅಂತ ನಾಚಿಕೆ ಬೇಡ.

ಕೋವಿಡ್ ಕಾಲದಲ್ಲಿ ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್ ತಂದಿದ್ದಿರಲ್ಲ, ಅದರಲ್ಲಿ 98 ಬಂತು ಅಂತ ಸುಮ್ಮನಾಗಬೇಡ. ಅದಕ್ಕೆ ಆಕ್ಸಿಜನ್‌ಗೂ ಈ ಗ್ಯಾಸಿಗೂ ವ್ಯತ್ಯಾಸ ಗೊತ್ತಾಗುವುದಿಲ್ಲ. ಡಾಕ್ಟರ ಹತ್ತಿರ ಹೋದರೆ ಕಾರ್ಬನ್ ಮೊನಾಕ್ಸೈಡ್ ಅನುಮಾನ ಅಂತ ಬಾಯಿಬಿಟ್ಟು ಹೇಳು, ರಕ್ತ ತೆಗೆದು ನೋಡುತ್ತಾರೆ.

ಹಿಮ ಬಿದ್ದಾಗಲೆಲ್ಲ ಮನೆಯ ಹೊರಗೋಡೆಯಲ್ಲಿರುವ ಬಾಯ್ಲರಿನ ಕೊಳವೆಯ ಬಾಯಿ ತೆರೆದಿದೆಯಾ ಅಂತ ಯಾರಾದರೂ ನೋಡಬೇಕು. ಕಾರಿನ ಸೈಲೆನ್ಸರ್ ಕೂಡ. 2013ರ ಫೆಬ್ರವರಿಯ ಹಿಮದಲ್ಲಿ ಬಾಸ್ಟನ್‌ನಲ್ಲಿ ಅಪ್ಪ ಹಿಮ ತೆಗೆಯುತ್ತಿದ್ದಾಗ ಮಗ ಬೆಚ್ಚಗಿರಲಿ ಅಂತ ಸ್ಟಾರ್ಟ್ ಮಾಡಿದ ಕಾರಿನಲ್ಲಿ ಕೂತಿದ್ದ. ಸೈಲೆನ್ಸರಿನ ಬಾಯಿಗೆ ಹಿಮ ಮುಚ್ಚಿತ್ತು. ಹುಡುಗ ಉಳಿಯಲಿಲ್ಲ. ಇದನ್ನು ಬರೆಯಬೇಕೋ ಬೇಡವೋ ಅಂತ ಯೋಚಿಸಿದೆ. ಹೆದರಿಸಲು ಬರೆಯುತ್ತಿದ್ದೇನೆ ಅಂದುಕೊಳ್ಳಬೇಡ. ಆ ತಂದೆ ಮಾಡಿದ್ದು ಪ್ರೀತಿಯಿಂದಲೇ. ನೀನು ಅಲಾರಂ ಕಳಚಿದ್ದೂ ಮಗು ಮಲಗಲಿ ಅಂತಲೇ ಅಲ್ವಾ.

ಮನೆ ಮಾಲೀಕರಿಗೆ ಹೇಳಲು ಹಿಂಜರಿಕೆ ಅಂದೆ. ಅವರು ಒಳ್ಳೆಯವರು, ಬಾಡಿಗೆ ಏರಿಸಿಲ್ಲ, ಎಲ್ಲಾ ಸರಿ. ಆದರೆ ಬಾಡಿಗೆ ಮನೆಯಲ್ಲಿ ಅಲಾರಂ ಸರಿಯಾಗಿಡುವ ಜವಾಬ್ದಾರಿ ಅವರದ್ದೇ. ಬಾಯ್ಲರನ್ನು ವರ್ಷಕ್ಕೊಮ್ಮೆ ತಿಳಿದವರಿಂದ ತಪಾಸಣೆ ಮಾಡಿಸಿದ್ದಾರಾ ಅಂತಲೂ ಕೇಳು. ಅವರು ತರುವ ತನಕ ಕಾಯಬೇಡ. ಇವತ್ತೇ ಒಂದು ಹೊಸದು ತಂದು ಮಗು ಮಲಗುವ ಕೋಣೆಯ ಬಾಗಿಲ ಹತ್ತಿರ ಹಾಕಿ. ವೀಕೆಂಡ್ ಅಂದೆಯಲ್ಲ, ವೀಕೆಂಡಿಗೆ ಮೊದಲು ಇನ್ನೂ ಮೂರು ರಾತ್ರಿ ಇದೆ. ದುಡ್ಡು ನಾನು ಕಳಿಸುತ್ತೇನೆ ಅಂದರೆ ನಿನಗೆ ಸಿಟ್ಟು ಬರುತ್ತದೆ. ಬರಲಿ. ಮಗುವಿಗೆ ದೊಡ್ಡಜ್ಜ ಕೊಟ್ಟ ಉಡುಗೊರೆ ಅಂತ ಇಟ್ಟುಕೋ.

ಹಾಕಿದ ಮೇಲೆ ಗೋಡೆಯ ಫೋಟೋ ಒಂದು ಕಳಿಸು. ದೊಡ್ಡಮ್ಮನಿಗೆ ಮಗುವಿನದ್ದು ಕಳಿಸು, ನನಗೆ ಗೋಡೆಯದ್ದು ಸಾಕು.

ಇಂತಿ ನಿನ್ನ,
ದೊಡ್ಡಪ್ಪ